ಅಭಿನಯ ಶಾಲೆಯೂ ನಟವೃತ್ತಿಯೂ

ನಾಟಕದ ನೋಟವು ಎಲ್ಲರಿಗೂ ಪ್ರಿಯವಾದದ್ದು. ಆದರೆ ನಾಟಕವಾಡುವವನ ಜೀವನವು ಎಲ್ಲರಿಗೂ ಭಯವನ್ನುಂಟುಮಾಡತಕ್ಕದ್ದು. ಈ ವಿಚಿತ್ರವಾದ ಮನೋಧರ್ಮವು ನಮ್ಮ ಸಮಾಜದಲ್ಲಿ ಬಹುಕಾಲದಿಂದ ಬೇರೂರಿರುವದು. ಜಾತ್ರೆಯ ತಂಬುವಿನಲ್ಲಿ ರಾತ್ರಿಯೆಲ್ಲ ಕುಳಿತು ನಟನಿಗೆ 'ಒನ್ಸ್ ಮೋರ್' ಎಂದು ಕೂಗಿದ ಗೃಹಸ್ಥನೇ, ಮರುದಿನ ತನ್ನ ಮಗನು ಪಾರ್ಟು ಮಾಡುವೆನೆಂದರೆ ಊಟ ಬಿಟ್ಟು ಕೂಡ್ರುವನು. ಈಚಿನ ವರ್ಷಗಳಲ್ಲಿ ಈ ಭಯಕ್ಕೆ ಒಂದು ಔಷಧವು ದೊರೆತಂತೆ ಕೆಲವರಿಗೆ ತೋರಿರುವದು. ಆ ಔಷಧವೇ ಅಭಿನಯ ಶಾಲೆ. ವೈದ್ಯನಾಗಲು ವೈದ್ಯಶಾಲೆಯಿರುವಂತೆ ನಟನಾಗಲು ನಟನಶಾಲೆಯಿರುವದಷ್ಟೆ. ಅಲ್ಲಿ ಓದಿ ಬಂದವನಿಗೆ ಅನ್ನಕ್ಕೆ ಕೊರತೆಯಿಲ್ಲವೆಂದು ನಂಬಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ವಿದ್ಯಾವಂತ ಮನೆಗಳಿಂದಲೂ ತರುಣರು ಬೆಂಗಳೂರಿನ ದಾರಿ ಹಿಡಿಯುತ್ತಿರುವರು. ಈ ನಂಬಿಕೆಯು ಎಷ್ಟರಮಟ್ಟಿಗೆ ಸಾಧುವೆಂಬದನ್ನು ವಿಮರ್ಶಿಸುವದೇ ಪ್ರಸ್ತುತ ಲೇಖನದ ಉದ್ದೇಶವು.

ಈ ವಿಷಯದಲ್ಲಿ ಎರಡು ಪಕ್ಷಗಳು ರೂಢವಾಗಿರುವವು. ನಟನು ಹುಟ್ಟಿ ಬರತಕ್ಕವನೇ ಹೊರತು ಕಲಿತು ಆಗತಕ್ಕವನಲ್ಲ. ಕೋಗಿಲೆಗೆ ಯಾವ ಶಾಲೆಯೂ ಹಾಡು ಕಲಿಸಲಿಲ್ಲ. ಆದುದರಿಂದ ಶಾಲೆಯು ವ್ಯರ್ಥವೆಂಬದು ಮೊದಲನೆಯ ಪಕ್ಷ. ಅಭಿನಯವು ಸಂಗೀತದಂತೆ, ವ್ಯಾಕರಣದಂತೆ ಒಂದು ವಿದ್ಯೆಯು. ವಿದ್ಯೆಯೆಂದ ಮೇಲೆ ಕಲಿಸಬಹುದು, ಕಲಿತವನು ಅದರಿಂದ ಬದುಕಬಹುದು. ಆದುದರಿಂದ ಶಾಲೆಯೇ ಸರ್ವಸ್ವವೆಂಬದು ಎರಡನೆಯ ಪಕ್ಷ. ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯ ಸ್ನೇಹಸಮ್ಮೇಳನಗಳಲ್ಲಿ ಮಕ್ಕಳಿಂದ ನಾಟಕವಾಡಿಸಿದ ನನಗೆ ಎರಡೂ ಪಕ್ಷಗಳಲ್ಲಿ ಅರ್ಧಾರ್ಧ ಸತ್ಯವು ಕಂಡಿರುವದು. ಪುಸ್ತಕ ಹಿಡಿದರೆ ತಡವರಿಸುವ ಹುಡುಗನು ಬಣ್ಣ ಹಚ್ಚಿದೊಡನೆ ನಿರರ್ಗಳವಾಗಿ ಮಾತಾಡಿದ್ದುಂಟು. ಮೊದಲ ವರ್ಷ ನಡುಗಿದವನು ತಾಲೀಮಿನ ಬಲದಿಂದ ಮೂರನೆಯ ವರ್ಷ ಸಭೆಯನ್ನು ಗೆದ್ದದ್ದೂ ಉಂಟು.

ಮಮ್ಮಟಾಚಾರ್ಯನು ಕಾವ್ಯಪ್ರಕಾಶದಲ್ಲಿ ಕಾವ್ಯದ ಹುಟ್ಟಿಗೆ ಮೂರನ್ನು ಹೇಳಿರುವನು: ಶಕ್ತಿ, ನಿಪುಣತೆ, ಅಭ್ಯಾಸ. ಶಕ್ತಿಯೆಂದರೆ ಹುಟ್ಟಿನೊಡನೆ ಬಂದ ಬೀಜ. ನಿಪುಣತೆಯೆಂದರೆ ಲೋಕ, ಶಾಸ್ತ್ರ, ಕಾವ್ಯಾದಿಗಳನ್ನು ಅವಲೋಕಿಸಿ ಪಡೆದ ಪರಿಣತಿ. ಅಭ್ಯಾಸವೆಂದರೆ ಬಲ್ಲವರ ಬಳಿ ಕಲಿತು ಮತ್ತೆ ಮತ್ತೆ ಮಾಡುವ ಸಾಧನೆ. ಪಾಠಶಾಲೆಯಲ್ಲಿ ಈ ಕಾರಿಕೆಯನ್ನು ಹೇಳಿಕೊಡುವಾಗ ಗುರುಗಳು ಒಂದು ಸೂಕ್ಷ್ಮವನ್ನು ತಪ್ಪದೆ ತೋರಿಸುವರು. 'ಹೇತು' ಎಂಬ ಪದವು ಅಲ್ಲಿ ಏಕವಚನದಲ್ಲಿರುವದೇ ಹೊರತು ಬಹುವಚನದಲ್ಲಿಲ್ಲ. ಅಂದರೆ ಮೂರೂ ಬೇರೆ ಬೇರೆ ಕಾರಣಗಳಲ್ಲ, ಕೂಡಿದಾಗಲೇ ಒಂದು ಕಾರಣ. ಈ ಏಕವಚನವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೇಲಿನ ಎರಡು ಪಕ್ಷಗಳ ಜಗಳವು ಅರ್ಧ ತೀರಿದಂತೆಯೇ.

ಆದರೆ ಕವಿಗೂ ನಟನಿಗೂ ಒಂದು ದೊಡ್ಡ ಭೇದವುಂಟು. ತನ್ನ ಕಾಲದವರು ಒಪ್ಪದಿದ್ದರೆ, ಸಮಾನಧರ್ಮನು ಎಂದಾದರೂ ಎಲ್ಲಿಯಾದರೂ ಹುಟ್ಟಿಯಾನೆಂದು ಭವಭೂತಿಯು ಸಮಾಧಾನ ತಾಳಬಲ್ಲನು. ಅವನ ಗ್ರಂಥವು ಓಲೆಯಲ್ಲಿ ಕಾದುಕೊಂಡಿರುವದು. ನಟನು ಹಾಗೆ ಕಾಯಲಾರನು. ಅವನ ಕೃತಿಯು ಅವನ ಶರೀರದಲ್ಲಿ ಹುಟ್ಟಿ, ಅದೇ ರಾತ್ರಿ ಅಲ್ಲಿಯೇ ಮುಗಿಯತಕ್ಕದ್ದು. ಪ್ರೇಕ್ಷಕನು ಎದುರಿಗಿಲ್ಲದಿದ್ದರೆ ಅವನ ಶಕ್ತಿಯೂ ನಿಪುಣತೆಯೂ ಇದ್ದೂ ಇಲ್ಲದಂತೆಯೇ. ಆದುದರಿಂದ ಕವಿಗೆ ಹೇಳಿದ ಮೂರರ ಜೊತೆಗೆ ನಟನಿಗೆ ನಾಲ್ಕನೆಯದೊಂದು ಬೇಕಾಗುವದು. ಅದು ರಂಗಸ್ಥಳ, ಅಂದರೆ ಕೂಡಿದ ಜನರ ಎದುರು ಮೇಲಿಂದ ಮೇಲೆ ನಿಲ್ಲುವ ಅವಕಾಶ. ಅಭಿನಯ ಶಾಲೆಯ ಬೆಲೆಯನ್ನು ಈ ನಾಲ್ಕನೆಯ ತಕ್ಕಡಿಯಲ್ಲಿಯೇ ತೂಗಬೇಕೆಂಬದು ನನ್ನ ಅಭಿಪ್ರಾಯವು.

ಅಭಿನಯವನ್ನು ಕಲಿಸಬಹುದೆಂಬ ವಿಷಯದಲ್ಲಿ ನಮ್ಮ ಹಿರಿಯರಿಗೆ ಸಂಶಯವೇ ಇರಲಿಲ್ಲ. ನಾಟ್ಯಶಾಸ್ತ್ರದ ಕಥೆಯಂತೆ ಬ್ರಹ್ಮನಿಂದ ನಾಟ್ಯವೇದವನ್ನು ಪಡೆದ ಭರತಮುನಿಯು ತನ್ನ ನೂರು ಜನ ಮಕ್ಕಳಿಗೆ ಅದನ್ನು ಬೋಧಿಸಿದನು. ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕಗಳೆಂದು ಅಭಿನಯವನ್ನು ನಾಲ್ಕಾಗಿ ವಿಭಾಗಿಸಿದ್ದೂ ಕಲಿಸುವ ಅನುಕೂಲಕ್ಕಾಗಿಯೇ. ಕಾಳಿದಾಸನ ಮಾಲವಿಕಾಗ್ನಿಮಿತ್ರದ ಮೊದಲ ಅಂಕದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಜಗಳಾಡುವರು. ಕೆಲವರಿಗೆ ವಿದ್ಯೆಯು ತಮ್ಮಲ್ಲಿಯೇ ಚೆನ್ನಾಗಿರುವದು, ಕೆಲವರಿಗೆ ಅದನ್ನು ಇನ್ನೊಬ್ಬರಿಗೆ ದಾಟಿಸುವ ಕುಶಲತೆಯಿರುವದು, ಎರಡೂ ಇದ್ದವನೇ ಗುರುಗಳಲ್ಲಿ ಅಗ್ರಗಣ್ಯನೆಂದು ಪರಿವ್ರಾಜಿಕೆಯು ನಿರ್ಣಯದ ಸೂತ್ರವನ್ನು ಹೇಳುವಳು. ಅದೇ ಅಂಕದಲ್ಲಿ ಗಣದಾಸನು, ತಾನು ಕಲಿಸಿದ್ದನ್ನು ಮಾಲವಿಕೆಯು ಇನ್ನಷ್ಟು ಚೆಲುವುಗೊಳಿಸಿ ತನಗೇ ತಿರುಗಿ ಕಲಿಸುವಂತೆ ಮಾಡುವಳೆಂದು ಹಿಗ್ಗುವನು. ಗುರುವಿನ ಕುಶಲತೆ, ಶಿಷ್ಯೆಯ ಶಕ್ತಿ ಎರಡಕ್ಕೂ ಕವಿಯು ನ್ಯಾಯ ದೊರಕಿಸಿರುವನು. ಅಷ್ಟೇ ಅಲ್ಲ, ಗುರುಗಳ ಜಗಳವು ತೀರಬೇಕಾದರೆ ಶಿಷ್ಯೆಯು ಸಭೆಯ ಮುಂದೆ ಪ್ರಯೋಗವನ್ನು ತೋರಿಸಲೇಬೇಕಾಯಿತೆಂಬದನ್ನು ನಾವು ಮರೆಯಕೂಡದು.

ಇನ್ನು ಕನ್ನಡದ ಇತಿಹಾಸಕ್ಕೆ ಬರೋಣ. ನಮ್ಮ ನೆರೆಯ ಗದಗಿನಲ್ಲಿ ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು, ಸ್ವತಃ ಶಿಕ್ಷಕರಾಗಿದ್ದವರು, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಮುಂದೆ ಅದೇ ಊರಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯು ಬೆಳೆಯಿತು. ಮೈಸೂರು ಸೀಮೆಯಲ್ಲಿ ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. ಈ ಕಂಪನಿಗಳಲ್ಲಿ ಶಾಲೆಯೆಂಬ ಫಲಕವಿರಲಿಲ್ಲ. ಆದರೆ ಅವುಗಳಷ್ಟು ಕಟ್ಟುನಿಟ್ಟಿನ ಶಾಲೆಯು ಬೇರೆ ಇರಲಿಲ್ಲ. ಬಾಲನಟನಾಗಿ ಸೇರಿದ ಹುಡುಗನು ಮೊದಲು ಪರದೆಯೆಳೆಯುವನು, ಹಿರಿಯರ ಬಣ್ಣದ ಪೆಟ್ಟಿಗೆಯನ್ನು ಕಾಯುವನು, ಬೆಳಿಗ್ಗೆ ಪೇಟಿ ಮಾಸ್ತರರ ಮುಂದೆ ಕುಳಿತು ಸ್ವರ ಹಿಡಿಯುವನು, ರಾತ್ರಿ ಪರದೆಯ ಸಂದಿನಿಂದ ಹಿರಿಯ ನಟರ ಆಟವನ್ನು ಕಣ್ಣು ತುಂಬ ನೋಡುವನು. ನೋಡಿ ನೋಡಿ ಎಲ್ಲರ ಮಾತೂ ಅವನ ಬಾಯಿಗೆ ಬರುವದು. ಒಂದು ದಿನ ಯಾರಿಗೋ ಜ್ವರ ಬಂದಾಗ ಇವನಿಗೆ ಕಿರೀಟವು ಬೀಳುವದು. ಅಂದಿನಿಂದ ಒಂದೇ ಕ್ಯಾಂಪಿನಲ್ಲಿ ಒಂದೇ ಪಾತ್ರವನ್ನು ತಿಂಗಳುಗಟ್ಟಲೆ ಮಾಡುವನು. ನಿನ್ನೆ ನಕ್ಕ ಜನರು ಈ ಹೊತ್ತು ಏಕೆ ನಗಲಿಲ್ಲವೆಂಬದನ್ನು ಅವನು ಮರುದಿನವೇ ಶೋಧಿಸಿ ತಿದ್ದಿಕೊಳ್ಳಬಹುದಾಗಿತ್ತು. ಕಲಿಯುವ ಕಾಲಕ್ಕೇ ಊಟವು ಕಂಪನಿಯ ಪಂಕ್ತಿಯಲ್ಲಿ, ಮುಂದೆ ಸ್ವಲ್ಪ ಸಂಬಳವೂ ಉಂಟು. ಅಂದಮೇಲೆ ಮೇಲೆ ಹೇಳಿದ ನಾಲ್ಕರಲ್ಲಿ ಶಕ್ತಿಯೊಂದನ್ನು ಬಿಟ್ಟು ಉಳಿದುವೆಲ್ಲವೂ ಒಂದೇ ಮಾಡಿನ ಕೆಳಗೆ ದೊರೆಯುತ್ತಿದ್ದವು. ೧೯೧೪ರಲ್ಲಿ ಹುಟ್ಟಿ ೨೦೧೭ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ಸ್ತ್ರೀಪಾತ್ರಗಳಿಂದ ಮೊದಲಾಗಿ ಬಸವಣ್ಣನವರ ಪಾತ್ರದವರೆಗೆ ಬೆಳೆದದ್ದೂ, ತಮ್ಮದೇ ಕಲಾವೈಭವ ನಾಟ್ಯಸಂಘವನ್ನು ನಡೆಸಿದ್ದೂ ಇಂಥ ಶಿಕ್ಷಣದ ಫಲವೇ.

ಹಾಗೆಂದು ಕಂಪನಿಯ ಕಾಲವನ್ನು ಕೃತಯುಗವೆಂದು ಬಣ್ಣಿಸುವದು ವಿಮರ್ಶಕನಿಗೆ ತಕ್ಕದ್ದಲ್ಲ. ಹಿರಿಯ ನಟನ ಧ್ವನಿಯನ್ನೂ ಕೈಬೀಸನ್ನೂ ಗಿಳಿಯಂತೆ ಅನುಕರಿಸುವದೇ ಅಭಿನಯವೆಂದು ಅಲ್ಲಿ ಅನೇಕರು ತಿಳಿದರು. ಖಳನಾದವನು ಸಾಯುವವರೆಗೆ ಖಳನು, ಹಾಸ್ಯಗಾರನಾದವನು ಕಡೆಯವರೆಗೆ ಹಾಸ್ಯಗಾರನು. ನಟಿಯರ ಗಾನಕ್ಕೆ ಮರುಳಾದ ಸಮಾಜವು ಅವರನ್ನು ಮನೆಯ ಹೊಸ್ತಿಲೊಳಗೆ ಕರೆಯಲಿಲ್ಲ. ಸಿನೆಮಾದ ಪೈಪೋಟಿಯಿಂದ ಕಂಪನಿಗಳು ಒಂದೊಂದಾಗಿ ಮುಚ್ಚಿದಾಗ, ಬೇರೆ ವಿದ್ಯೆಯಿಲ್ಲದ ನೂರಾರು ನಟರು ಮುಪ್ಪಿನಲ್ಲಿ ದಿಕ್ಕುಗಾಣದೆ ಹೋದರು. ಶಾಲೆಯು ಬೇಕೆಂಬ ವಿಚಾರವು ಹುಟ್ಟಿದ್ದು ಈ ಕೊರತೆಗಳ ನಡುವೆಯೇ.

ಕಂಪನಿಯನ್ನಾಗಲಿ ಶಾಲೆಯನ್ನಾಗಲಿ ಕಾಣದ ಮೂರನೆಯ ದಾರಿಯೊಂದು ನಮ್ಮ ಸೀಮೆಯಲ್ಲಿಯೇ ಇರುವದು. ಅದು ಮನೆತನದ ದಾರಿ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಗೌರವವು ದೊರೆತದ್ದು ವಾಚಕರಿಗೆಲ್ಲ ಗೊತ್ತಿದ್ದದ್ದೇ. ತೊಂಬತ್ತನ್ನು ದಾಟಿದ ಈ ತಾಯಿಯು ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ತೊಗಲುಗೊಂಬೆಗಳಿಂದ ಆಡಿಸುವ ವಿದ್ಯೆಯನ್ನು ಕಲಿತದ್ದು ಮನೆತನದ ಪರಂಪರೆಯಿಂದ. ಬೊಂಬೆಯಾಟದವರು ಪರದೆಯ ಹಿಂದೆ ನಿಂತು ರಾಮನಿಗೂ ರಾವಣನಿಗೂ ಬೇರೆ ಬೇರೆ ಧ್ವನಿ ಕೊಡುವದು ಶುದ್ಧ ವಾಚಿಕಾಭಿನಯವೇ ಅಲ್ಲವೆ? ಅದರಂತೆಯೇ ನಮ್ಮ ಹಳ್ಳಿಗಳ ದೊಡ್ಡಾಟವು. ಹೊಲದ ಕೆಲಸವನ್ನು ತೀರಿಸಿ ಬಂದ ರೈತನು ತಿಂಗಳುಗಟ್ಟಲೆ ರಾತ್ರಿ ತಾಲೀಮಿನಲ್ಲಿ ಮಾಸ್ತರರ ಮುಂದೆ ಕುಣಿದು, ಒಂದು ರಾತ್ರಿಯ ಆಟಕ್ಕೆ ಸಿದ್ಧನಾಗುವನು. ಅವನಿಗೆ ವಿದ್ಯೆಯು ಬರುವದು, ಊರವರ ಆಯೇರು ಬರುವದು; ಆದರೆ ವೃತ್ತಿಯು ಬರುವದಿಲ್ಲ, ಅವನು ಅದನ್ನು ಬಯಸುವದೂ ಇಲ್ಲ. ವಿದ್ಯೆಯು ಬೇರೆ, ವೃತ್ತಿಯು ಬೇರೆ ಎಂಬ ವಿವೇಕವನ್ನು ನಮ್ಮ ದೊಡ್ಡಾಟದ ರೈತನಿಂದ ಪಟ್ಟಣದ ತರುಣನು ಕಲಿಯಬೇಕಾಗಿರುವದು.

ಈಗ ಶಾಲೆಗಳ ವಿಚಾರ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯು ೧೯೫೯ರಲ್ಲಿ ಸ್ಥಾಪಿತವಾಯಿತು. ಕನ್ನಡ ನಾಡಿನಲ್ಲಿ ಸಾಗರ ತಾಲೂಕಿನ ಹೆಗ್ಗೋಡೆಂಬ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಮ್ ಸಂಸ್ಥೆಯು ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಸುಬ್ಬಣ್ಣನವರು ಅಲ್ಲಿಗೇ ನಿಲ್ಲಲಿಲ್ಲ. ಐದು ವರ್ಷಗಳ ತರುವಾಯ, ೧೯೮೫ರಲ್ಲಿ, 'ತಿರುಗಾಟ'ವೆಂಬ ಸಂಚಾರಿ ನಾಟಕ ತಂಡವನ್ನು ಹೊರಡಿಸಿದರು. ಕಲಿತ ನಟನು ಸಂಭಾವನೆ ಪಡೆದು ಊರೂರು ಸುತ್ತಿ ಪ್ರಯೋಗ ಮಾಡುವ ಏರ್ಪಾಡದು. ಶಾಲೆಗೆ ರಂಗಸ್ಥಳವನ್ನು ಗಂಟುಹಾಕಿದ ಈ ದೂರದೃಷ್ಟಿಯೇ ಆ ಸಂಸ್ಥೆಯ ಯಶಸ್ಸಿನ ಗುಟ್ಟೆಂದು ನಾನು ತಿಳಿಯುವೆನು. ೧೯೮೯ರಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಮೈಸೂರಿನಲ್ಲಿ ರಂಗಾಯಣವು ಆರಂಭವಾದಾಗಲೂ ಆರಿಸಿದ ಕಲಾವಿದರಿಗೆ ಶಿಕ್ಷಣ, ವೇತನ, ಪ್ರಯೋಗ ಮೂರನ್ನೂ ಕೂಡಿಸಿಯೇ ಯೋಜನೆ ಮಾಡಲಾಯಿತು. ಮುಂದೆ ಧಾರವಾಡ, ಶಿವಮೊಗ್ಗ, ಕಲಬುರ್ಗಿಗಳಲ್ಲಿಯೂ ರಂಗಾಯಣಗಳು ಹುಟ್ಟಿದವು.

ಫಲವನ್ನು ನೋಡಿ ಮರವನ್ನು ತಿಳಿಯಬೇಕೆನ್ನುವವರಿಗಾಗಿ ಕೆಲವು ದೃಷ್ಟಾಂತಗಳನ್ನು ಕೊಡುವೆನು. ಗಾಜನೂರಿನ ಮುತ್ತುರಾಜನು ಶಾಲೆಯಲ್ಲಿ ಕೆಲವೇ ಇಯತ್ತೆಗಳನ್ನು ಓದಿ, ತಂದೆ ಪುಟ್ಟಸ್ವಾಮಯ್ಯನವರೊಡನೆ ಕಂಪನಿ ನಾಟಕಗಳಲ್ಲಿ ಬೆಳೆದು, ೧೯೫೪ರ 'ಬೇಡರ ಕಣ್ಣಪ್ಪ' ಚಿತ್ರದಿಂದ ರಾಜಕುಮಾರರಾದರು. ಬೆಂಗಳೂರಿನಲ್ಲಿ ಬಸ್ಸಿನ ಕಂಡಕ್ಟರನಾಗಿದ್ದ ಶಿವಾಜಿರಾವ್ ಗಾಯಕವಾಡನು ಮದ್ರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಅಭಿನಯದ ಪಾಠವನ್ನು ಮುಗಿಸಿ, ೧೯೭೫ರಲ್ಲಿ ಕೆ. ಬಾಲಚಂದರರ ತಮಿಳು ಚಿತ್ರದಿಂದ ರಜನೀಕಾಂತರಾದರು. ಇಬ್ಬರಿಗೂ ದಾದಾಸಾಹೇಬ ಫಾಳ್ಕೆ ಪ್ರಶಸ್ತಿಯು ಬಂದಿತು. ಒಬ್ಬರದು ಕಂಪನಿ, ಇನ್ನೊಬ್ಬರದು ಶಾಲೆ. ಆದುದರಿಂದ ಶಾಲೆಯು ಬೇಕೇ ಬೇಕೆಂಬ ಮಾತೂ, ಶಾಲೆಯಿಂದ ಏನೂ ಆಗದೆಂಬ ಮಾತೂ ಒಂದೇ ಪೆಟ್ಟಿಗೆ ಬಿದ್ದುಹೋಗುವವು. ಇವರಿಬ್ಬರಂಥವರು ಕೋಟಿಗೊಬ್ಬರು, ಅವರನ್ನು ನೋಡಿ ನಮ್ಮ ಮಕ್ಕಳ ಬಾಳನ್ನು ನಿರ್ಣಯಿಸುವದು ಉಲ್ಕೆಯನ್ನು ನೋಡಿ ಪಂಚಾಂಗ ಬರೆದಂತಾಗುವದು.

ಇವರಿಗಿಂತ ಹೆಚ್ಚಿನ ಬೋಧಪ್ರದವಾದ ದೃಷ್ಟಾಂತಗಳು ಎರಡಿರುವವು. ಬಿ. ವಿ. ಕಾರಂತರು ಬಾಲ್ಯದಲ್ಲಿ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದವರು. ವೀರಣ್ಣನವರು ಅವರನ್ನು ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಕಾಶಿಗೆ ಕಳಿಸಿದರು. ಅಲ್ಲಿಂದ ಅವರು ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿ, ಮುಂದೆ ೧೯೭೭ರಲ್ಲಿ ಅದರ ನಿರ್ದೇಶಕರೇ ಆದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಕಂಪನಿಯ ಅಂಗಳದಲ್ಲಿ ಆಡಿ ಬೆಳೆದವರಾದರೂ ದಿಲ್ಲಿಗೆ ಹೋಗಿ ಅದೇ ಶಾಲೆಯಲ್ಲಿ ಕಲಿತು ೧೯೭೩ರಲ್ಲಿ ಹೊರಬಂದರು. ರಕ್ತದಲ್ಲಿಯೇ ನಾಟಕವಿದ್ದ ಮನೆತನವು ಶಾಲೆಯನ್ನು ತಿರಸ್ಕರಿಸಲಿಲ್ಲ. ಅವರಿಬ್ಬರಿಗೂ ಶಾಲೆಯು ನಟನೆಯ ಹುಟ್ಟನ್ನು ಕೊಡಲಿಲ್ಲ. ಮೊದಲೇ ಇದ್ದುದನ್ನು ಹೊಸ ಕಣ್ಣಿನಿಂದ ನೋಡುವ ಬಲವನ್ನು ಕೊಟ್ಟಿತು. ಇತ್ತ ನೀನಾಸಮಿನಲ್ಲಿ ಕಲಿತ ಅಚ್ಯುತಕುಮಾರರಂಥವರು ನಾಟಕದಲ್ಲಿಯೂ ದೂರದರ್ಶನದ ಧಾರಾವಾಹಿಗಳಲ್ಲಿಯೂ ದುಡಿದ ಮೇಲೆಯೇ ಚಲಚ್ಚಿತ್ರದಲ್ಲಿ ನೆಲೆ ಕಂಡರು. ಸತೀಶ ಎಂಬ ನಟರಂತೂ ತಮ್ಮ ಹೆಸರಿಗೇ ಆ ಶಾಲೆಯ ಹೆಸರನ್ನು ಅಂಟಿಸಿಕೊಂಡಿರುವರು.

ಹೀಗಿರಲಾಗಿ ಶಾಲೆಯು ಕೊಡುವದೇನು, ಕೊಡಲಾರದ್ದೇನು? ನಮ್ಮ ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡುವ ಕ್ರಮವನ್ನು ನೋಡಿದರೆ ಇದು ಸುಲಭವಾಗಿ ತಿಳಿಯುವದು. ಮೊದಲು ಹಗುರಾದ ಕಟ್ಟಿಗೆಯನ್ನು ಆರಿಸುವರು. ಕೆತ್ತಿದ ಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಮೇಲೆ ಕಿಟ್ಟವನ್ನು ಬಳಿದು, ಆ ಮೇಲೆ ಬಣ್ಣವನ್ನು ಕೊಡುವರು. ಕಿಟ್ಟವನ್ನೂ ಬಣ್ಣವನ್ನೂ ಶಾಲೆಯು ಕೊಡಬಲ್ಲದು. ಉಸಿರನ್ನು ಹಿಡಿದು ಕೊನೆಯ ಸಾಲಿನವರೆಗೆ ಮಾತು ಮುಟ್ಟಿಸುವದು, ಶರೀರವನ್ನು ಹದಗೊಳಿಸುವದು, ಪಾತ್ರದ ಮನಸ್ಸನ್ನು ಗ್ರಂಥದಿಂದ ಬಿಡಿಸಿ ತೆಗೆಯುವದು, ಕಾಳಿದಾಸನಿಂದ ಶೇಕ್ಸ್‌ಪಿಯರನವರೆಗಿನ ನಾಟಕಗಳ ಪರಿಚಯ, ಹತ್ತು ಜನರೊಡನೆ ಹೊಂದಿಕೊಂಡು ದುಡಿಯುವ ಶಿಸ್ತು ಇವೆಲ್ಲವೂ ಶಾಲೆಯಿಂದ ಬರತಕ್ಕವು. ಮಾಸ್ಕೋದ ಸ್ತಾನಿಸ್ಲಾವ್‌ಸ್ಕಿಯಂಥ ಪ್ರೌಢ ನಟನೇ, ದಿನದಿನವೂ ಒಂದೇ ಪಾತ್ರ ಮಾಡುವದರಿಂದ ತನ್ನ ಅಭಿನಯವು ಯಾಂತ್ರಿಕವಾಗುತ್ತಿರುವದೆಂದು ಕಂಡು, ಶಿಕ್ಷಣದ ಪದ್ಧತಿಯೊಂದನ್ನು ಹುಡುಕಹೊರಟನು. ಕಂಪನಿಯ ಗಿಳಿಪಾಠಕ್ಕೆ ಇದೇ ಮದ್ದು. ಆದರೆ ಕಟ್ಟಿಗೆಯನ್ನು ಶಾಲೆಯು ಹುಟ್ಟಿಸಲಾರದು. ಮತ್ತು ಸಿದ್ಧವಾದ ಗೊಂಬೆಗೆ ಕೊಳ್ಳುವವನನ್ನು ತಂದುಕೊಡುವೆನೆಂದು ಯಾವ ಶಾಲೆಯೂ ಪ್ರಮಾಣ ಮಾಡಲಾರದು.

ಈ ಸುಳ್ಳು ಪ್ರಮಾಣದಲ್ಲಿಯೇ ಅಪಾಯವು ಅಡಗಿರುವದು. ನಟನೆಯ ಶಾಲೆಯೆಂದು ಫಲಕ ಹಾಕಿ, ಮೂರು ತಿಂಗಳಲ್ಲಿ ಮುಗಿಸಿ, ಸಿನೆಮಾದಲ್ಲಿ ಅವಕಾಶ ಕೊಡಿಸುವೆವೆಂದು ಆಸೆ ತೋರಿಸುವ ಅಂಗಡಿಗಳೂ ಪಟ್ಟಣದಲ್ಲಿ ಉಂಟು. ವಿದ್ಯೆಯನ್ನು ಕೇವಲ ಹೊಟ್ಟೆಪಾಡಿನ ಸರಕು ಮಾಡಿಕೊಂಡವನನ್ನು ಜ್ಞಾನದ ವ್ಯಾಪಾರಿಯೆಂದು ಗಣದಾಸನು ಹಿಂದೆಯೇ ಹಳಿದಿರುವನು. ಮಳೆಯನ್ನು ನಂಬಿದ ಎರಡೆಕರೆ ಹೊಲವನ್ನು ಒತ್ತೆಯಿಟ್ಟು ಇಂಥ ಅಂಗಡಿಗೆ ಹಣ ಕಟ್ಟಿದ ಮನೆಗೆ ಮಗನೂ ಸಿಗುವದಿಲ್ಲ, ಹೊಲವೂ ಉಳಿಯುವದಿಲ್ಲ. ಆದುದರಿಂದ ಹಿರಿಯರು ಶಾಲೆಯನ್ನು ಆರಿಸುವಾಗ ನಾಲ್ಕು ಸಂಗತಿಗಳನ್ನು ವಿಚಾರಿಸಬೇಕು. ಆ ಶಾಲೆಯು ಅಭ್ಯರ್ಥಿಯನ್ನು ಪರೀಕ್ಷಿಸಿ, ಬೇಡವಾದವನನ್ನು ಹಿಂದಕ್ಕೆ ಕಳಿಸುವದೋ, ಅಥವಾ ಹಣ ತಂದವರನ್ನೆಲ್ಲ ಸೇರಿಸಿಕೊಳ್ಳುವದೋ? ಕಲಿಸುವವರು ಸ್ವತಃ ರಂಗದ ಮೇಲೆ ದುಡಿದವರೋ? ಕಲಿಕೆಯ ಕಾಲದಲ್ಲಿ ವಿದ್ಯಾರ್ಥಿಯು ಹೊರಗಿನ ಜನರ ಎದುರಿಗೆ ಎಷ್ಟು ರಾತ್ರಿ ನಿಲ್ಲುವನು? ಕಲಿತ ಮೇಲೆ ದುಡಿಯಲು ತಂಡವೊಂದು ಉಂಟೋ? ಈ ನಾಲ್ಕಕ್ಕೂ ತೃಪ್ತಿಕರವಾದ ಉತ್ತರವಿದ್ದರೆ ಮಗಳನ್ನೂ ಧೈರ್ಯದಿಂದ ಕಳಿಸಬಹುದು. ಇವನ್ನು ಬಿಟ್ಟು ಸಿನೆಮಾದ ಮಾತನ್ನೇ ಮೊದಲು ಎತ್ತುವ ಶಾಲೆಯ ಮೆಟ್ಟಲನ್ನು ಹತ್ತಲೇಕೂಡದು.

ಯಶಸ್ಸೆಂದರೇನೆಂಬದನ್ನೂ ಇಲ್ಲಿ ಸ್ವಲ್ಪ ವಿಚಾರಿಸಬೇಕು. ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಭರತನು ನಾಟಕದ ಸಿದ್ಧಿಯನ್ನು ಎರಡು ಬಗೆಯಾಗಿ ಹೇಳಿರುವನು. ಜನರು ನಗುವದು, 'ಸಾಧು' ಎಂದು ಕೂಗುವದು, ರೋಮಾಂಚಗೊಳ್ಳುವದು, ಬಟ್ಟೆ ಉಂಗುರಗಳನ್ನು ಎಸೆಯುವದು ಮಾನುಷೀ ಸಿದ್ಧಿಯು. ನಮ್ಮ 'ಒನ್ಸ್ ಮೋರ್' ಮತ್ತು ಆಯೇರುಗಳು ಇದೇ ಜಾತಿಯವು. ರಂಗವು ತುಂಬಿರುವಾಗಲೂ ಸದ್ದಿಲ್ಲ, ಕ್ಷೋಭೆಯಿಲ್ಲ, ಎಲ್ಲರೂ ತನ್ಮಯರಾಗಿರುವರೆಂದರೆ ಅದು ದೈವೀ ಸಿದ್ಧಿಯು. ಎರಡನ್ನೂ ಅಳೆಯತಕ್ಕವನು ಪ್ರೇಕ್ಷಕನೇ ಎಂಬದು ಗಮನಾರ್ಹವು. ಹಣವನ್ನಾಗಲಿ ಭಿತ್ತಿಪತ್ರದ ಮೇಲಿನ ಮೊಗವನ್ನಾಗಲಿ ಭರತನು ಇಲ್ಲಿ ಸಿದ್ಧಿಯ ಲಕ್ಷಣವೆಂದು ಹೇಳಲಿಲ್ಲ. ಚಿತ್ರನಟನಾಗದೆ ಊರ ಶಾಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುವವನಾದರೂ, ಸಂಚಾರಿ ತಂಡದಲ್ಲಿ ಮಿತವಾದ ಸಂಭಾವನೆಗೆ ದುಡಿಯುವವನಾದರೂ, ಜನರನ್ನು ಒಂದು ಗಳಿಗೆ ನಿಶ್ಶಬ್ದಗೊಳಿಸಿದರೆ ಅವನು ಸೋತ ನಟನಲ್ಲ. ರಂಗಶಾಲೆಗಳಿಂದ ಹೊರಬಂದವರಲ್ಲಿ ಬಹುಜನರ ದಾರಿಯು ಇದೇ. ಮಗನನ್ನು ಕಳಿಸುವ ಮೊದಲೇ ತಂದೆಯು ಈ ದಾರಿಯನ್ನು ಯಶಸ್ಸೆಂದು ಒಪ್ಪಿಕೊಳ್ಳಬಲ್ಲನೋ ಎಂದು ತನ್ನನ್ನು ತಾನೇ ಕೇಳಿಕೊಳ್ಳುವದು ಲೇಸು.

ಒಟ್ಟಿನಲ್ಲಿ ಸಿದ್ಧಾಂತವು ಇಷ್ಟೇ. ಅಭಿನಯ ಶಾಲೆಯು ಶಕ್ತಿಯಿದ್ದವನಿಗೆ ಸಹಾಯವಾಗುವದು, ಆದರೆ ಅದರ ಹಿಂದೆ ರಂಗಸ್ಥಳವಿದ್ದಾಗ ಮಾತ್ರ. ಶಕ್ತಿಯಿಲ್ಲದವನಿಗೆ ಕೊಟ್ಟ ಶಿಕ್ಷಣವು ಅವನನ್ನು ಒಳ್ಳೆಯ ಪ್ರೇಕ್ಷಕನನ್ನಾಗಿ ಮಾಡುವದು, ಅದೂ ಕಡಿಮೆಯ ಲಾಭವಲ್ಲ. ನಟನಿಗೆ ನಾಲ್ಕನೆಯದಾಗಿ ಬೇಕಾದ ರಂಗಸ್ಥಳವನ್ನು ಒದಗಿಸುವ ಹೊಣೆಯು ಶಾಲೆಯದಷ್ಟೇ ಅಲ್ಲ, ನಮ್ಮದೂ ಆಗಿರುವದು. ೧೯೯೭ರಲ್ಲಿ ನಮ್ಮ ಜಿಲ್ಲೆಯು ಹುಟ್ಟಿದಂದಿನಿಂದ ಇಲ್ಲಿ ರಸ್ತೆಗಳು ಬೆಳೆದವು, ವಿದ್ಯಾಲಯಗಳು ಬೆಳೆದವು. ಗಂಗಾವತಿಯ ಭತ್ತದ ವ್ಯಾಪಾರವೂ ಬೆಳೆಯಿತು. ಕಲಿತು ಊರಿಗೆ ಮರಳಿದ ನಟನಿಗೆ ತಾಲೂಕಿಗೊಂದರಂತೆ ವರ್ಷದಲ್ಲಿ ಹತ್ತು ರಾತ್ರಿಯ ರಂಗವನ್ನು ಸಿದ್ಧಪಡಿಸಿ, ಚೀಟಿ ಕೊಂಡು ಕುಳಿತು ನೋಡುವ ಪದ್ಧತಿಯನ್ನು ನಮ್ಮ ಸಂಘಗಳೂ ಕಾಲೇಜುಗಳೂ ಕೂಡಿ ಆರಂಭಿಸಿದರೆ, ಅಭಿನಯ ಶಾಲೆಯಿಂದ ಪ್ರಯೋಜನವುಂಟೋ ಇಲ್ಲವೋ ಎಂಬ ಪ್ರಶ್ನೆಗೆ ಅರ್ಧ ಉತ್ತರವನ್ನು ನಾವೇ ಕೊಟ್ಟಂತಾಗುವದು. ಬಿಟ್ಟಿಯ ಪಾಸು ಬೇಡುವ ವಿದ್ಯಾವಂತರು ನಟನ ವೃತ್ತಿಯ ಬಗ್ಗೆ ಮರುಗುವದರಲ್ಲಿ ಅರ್ಥವಿಲ್ಲ.